ಗಾಲ್ಫ್ ಡ್ರೈವರ್ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ: ಮೊದಲು ಯಾವುದನ್ನು ಸರಿಮಾಡಬೇಕು?

ಪ್ರಶ್ನೆ: ನಾನು ಬಲಗೈ ಗಾಲ್ಫ್ ಆಟಗಾರ, ಹ್ಯಾಂಡಿಕ್ಯಾಪ್ 19 (ಅಂದರೆ ಒಂದು ಸುತ್ತಿಗೆ ನಿಗದಿಯಾದ ಏಟುಗಳಿಗಿಂತ ಸುಮಾರು 19 ಹೆಚ್ಚು). ಐರನ್ (ತೆಳು ಲೋಹದ ತಲೆಯ ಕ್ಲಬ್, ಅಂದರೆ ಕೋಲು) ಏಟುಗಳು ಪರವಾಗಿಲ್ಲ, ಹೆಚ್ಚುಕಡಿಮೆ ಅಂದುಕೊಂಡ ಕಡೆಗೇ ಹೋಗುತ್ತವೆ. ಟೀ ಮೇಲೆ (ಹೋಲ್ ಶುರುವಾಗುವ ಜಾಗದಲ್ಲಿ) ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಹಿಡಿದು ನಿಂತರೆ ಮಾತ್ರ ಏನಾಗುತ್ತದೋ ಗೊತ್ತಿಲ್ಲ. ಒಂದು ಚೆಂಡು ಬಲಕ್ಕೆ ಬಾಗಿ ಮರಗಳೊಳಗೆ ಸೇರುತ್ತದೆ. ಮುಂದಿನದು ಎಡಕ್ಕೇ ಹೊರಟು, ಬಾಗದೆ ಎಡಕ್ಕೇ ಹೋಗುತ್ತದೆ. ಆಗಾಗ ನೆಟ್ಟಗೆ ಮೇಲಕ್ಕೆ ಹಾರಿ ನೂರು ಗಜದಲ್ಲೇ ಬೀಳುತ್ತದೆ. ಮಧ್ಯೆ ಒಂದೆರಡು ನಾನೇ ನಂಬಲಾರದಷ್ಟು ಚೆನ್ನಾಗಿ ಹೋಗುತ್ತವೆ. ರೇಂಜ್‌ನಲ್ಲಿ (ಅಭ್ಯಾಸದ ಮೈದಾನದಲ್ಲಿ) ಇಷ್ಟು ಕಷ್ಟ ಇಲ್ಲ. ಜೊತೆಗೆ ಆಡುವವರು ‘ತಲೆ ಎತ್ತಬೇಡಿ, ನಿಧಾನವಾಗಿ ಹೊಡೀರಿ’ ಅನ್ನುತ್ತಾರೆ. ಹೊಸ ಡ್ರೈವರ್ ತೆಗೆದುಕೊಳ್ಳಲೇ? ಇಲ್ಲ, ಡ್ರೈವರ್ ಬಿಟ್ಟು ಅದಕ್ಕಿಂತ ಚಿಕ್ಕದಾದ 3 ವುಡ್‌ನಲ್ಲೇ ಆಡಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ವಿವರ ನನಗೆ ತುಂಬ ಉಪಯೋಗಕ್ಕೆ ಬಂತು. ಬಲಕ್ಕೆ ಹೋಗುವ ಚೆಂಡು ಬಾಗುತ್ತದೆ, ಎಡಕ್ಕೆ ಹೋಗುವುದು ಬಾಗುವುದಿಲ್ಲ ಎಂದಿದ್ದೀರಿ. ಹಾಗಿದ್ದರೆ ನಿಮಗಿರುವುದು ಎರಡು ಬೇರೆ ಬೇರೆ ತೊಂದರೆಗಳಲ್ಲ. ಬಲಕ್ಕೆ ಬಾಗುವ ಸ್ಲೈಸ್, ಎಡಕ್ಕೆ ನೇರವಾಗಿ ಹೋಗುವ ಪುಲ್, ಇವೆರಡೂ ಒಂದೇ ತಾಯಿಯ ಮಕ್ಕಳು. ಎರಡರಲ್ಲೂ ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತಿರುತ್ತದೆ, ಅಂದರೆ ಗುರಿಯ ಗೆರೆಯನ್ನು ದಾಟಿ ಎಡಕ್ಕೆ ಸಾಗುತ್ತಿರುತ್ತದೆ. ಕ್ಲಬ್‌ಫೇಸ್ (ಚೆಂಡಿಗೆ ತಗುಲುವ ಮುಖ) ಆ ದಾರಿಗೆ ಹೋಲಿಸಿದರೆ ತೆರೆದಿದ್ದ ದಿನ ಸ್ಲೈಸ್. ಕೈಗಳು ಸಮಯಕ್ಕೆ ಸರಿಯಾಗಿ ತಿರುಗಿ, ಫೇಸ್ ಆ ದಾರಿಗೇ ನೇರವಾಗಿ ಬಂದ ದಿನ ಪುಲ್. ನೀವು ನಂಬಲಾರದ ಆ ಒಂದೆರಡು ಒಳ್ಳೆಯ ಏಟುಗಳು ಇವೆರಡರ ಮಧ್ಯೆ ಎಲ್ಲೋ ಬಿದ್ದವು. ಆ ಏಟುಗಳಲ್ಲಿ ಸ್ವಿಂಗ್ (ಬೀಸುವ ರೀತಿ) ಏನೂ ಬೇರೆಯಾಗಿರಲಿಲ್ಲ ಅಂತ ನನ್ನ ಅಂದಾಜು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಎರಡೂ ಕಡೆ ತಪ್ಪುವ ಆಟಗಾರರು ಸಾಮಾನ್ಯವಾಗಿ ಎರಡು ಮದ್ದು ಹುಡುಕುತ್ತಾರೆ. ಬಲಕ್ಕೆ ಹೋದರೆ ಒಂದು ತಿದ್ದುಪಡಿ, ಎಡಕ್ಕೆ ಹೋದರೆ ಅದರ ಉಲ್ಟಾ. ಒಂಬತ್ತು ಹೋಲ್ ಮುಗಿಯುವಷ್ಟರಲ್ಲಿ ತಲೆಯಲ್ಲಿ ಐದಾರು ತಿದ್ದುಪಡಿಗಳು ಗಿರಕಿ ಹೊಡೆಯುತ್ತಿರುತ್ತವೆ. ನೀವು ಒಂದೇ ಕೆಲಸ ಮಾಡಬೇಕು: ಎರಡರಲ್ಲಿ ಒಂದು ಕಡೆಯ ತಪ್ಪನ್ನು ಆಟದಿಂದ ಹೊರಗೆ ಹಾಕಬೇಕು. ಚೆಂಡು ಯಾವಾಗಲೂ ನೇರ ಹೋಗಬೇಕಾಗಿಲ್ಲ. ತಪ್ಪಿದರೆ ಎಲ್ಲಿಗೆ ತಪ್ಪುತ್ತದೆ ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಚೆಂಡು ಹಾರುವ ಲೆಕ್ಕವನ್ನು ಸ್ವಲ್ಪ ನೋಡೋಣ. ಚೆಂಡು ಕ್ಲಬ್ ಸಾಗುವ ದಾರಿಯಲ್ಲಿ ಹೊರಡುತ್ತದೆ, ಆಮೇಲೆ ಫೇಸ್ ನೋಡುತ್ತಿರುವ ಕಡೆಗೆ ಬಾಗುತ್ತದೆ ಎಂದು ಬಹಳ ಕಾಲ ಕಲಿಸುತ್ತಿದ್ದರು. ರೇಡಾರ್ ಇಟ್ಟು ಅಳೆದ ಮೇಲೆ ಅದು ತಪ್ಪು ಅಂತ ಸ್ಪಷ್ಟವಾಯಿತು. ಡ್ರೈವರ್‌ನಲ್ಲಿ ಚೆಂಡು ಹೊರಡುವ ದಿಕ್ಕನ್ನು ನೂರಕ್ಕೆ 80ರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ನಿರ್ಧರಿಸುವುದು ಫೇಸ್. ಫೇಸ್‌ಗೂ ದಾರಿಗೂ ಇರುವ ವ್ಯತ್ಯಾಸ ಬಾಗುವಿಕೆಯನ್ನು ನಿರ್ಧರಿಸುತ್ತದೆ. ಹಾಗಾಗಿ ಪ್ರತಿ ಏಟಿನ ನಂತರ ಚೆಂಡು ಎಲ್ಲಿ ಬಿತ್ತು ಅಂತ ನೋಡುವ ಮೊದಲು ಎಲ್ಲಿಗೆ ಹೊರಟಿತು ಅಂತ ನೋಡಿ. ಹೊರಟ ದಿಕ್ಕು ನಿಮ್ಮ ಫೇಸ್‌ನ ಕಥೆ ಹೇಳುತ್ತದೆ. ಬಾಗಿದ ರೀತಿ ದಾರಿಯ ಕಥೆ ಹೇಳುತ್ತದೆ.

ಫೇಸ್ ಒಂದು ಡಿಗ್ರಿ ತಪ್ಪಿದರೆ 220 ಗಜದಲ್ಲಿ ಚೆಂಡು ಹೆಚ್ಚುಕಡಿಮೆ 4 ಗಜ ಪಕ್ಕಕ್ಕೆ ಹೋಗುತ್ತದೆ. ಇದು ಬಾಗುವುದನ್ನು ಬಿಟ್ಟು, ಬರೀ ಹೊರಟ ದಿಕ್ಕಿನ ಲೆಕ್ಕ. ಮೂರು ಡಿಗ್ರಿಗೆ 11 ಗಜ ದಾಟಿತು. ಅದರ ಮೇಲೆ ಬಾಗುವಿಕೆ ಸೇರಿದರೆ ಚೆಂಡು ಫೇರ್‌ವೇಯ (ಹುಲ್ಲು ಕತ್ತರಿಸಿದ ಆಟದ ಪಟ್ಟಿಯ) ಹೊರಗೆ. ಮೂರು ಡಿಗ್ರಿ ಕಣ್ಣಿಗೆ ಕಾಣುವ ಅಂತರವೇ ಅಲ್ಲ. ಸ್ವಿಂಗ್ ಹಾಳಾಗಿದೆ ಅಂತ ನಿಮಗೆ ಅನಿಸುವ ದಿನ ಹಾಳಾಗಿರುವುದು ಬಹುಶಃ ಇಷ್ಟೇ.

ಹಾಗಾದರೆ ಐರನ್ ಯಾಕೆ ಸರಿ ಹೋಗುತ್ತದೆ? ಅದೇ ಸ್ವಿಂಗ್ ತಾನೇ? ಹೌದು, ಅದೇ ತಪ್ಪು ಐರನ್‌ನಲ್ಲೂ ಇದೆ. ಆದರೆ 7 ಐರನ್‌ಗೆ 30 ಡಿಗ್ರಿಯ ಆಸುಪಾಸು ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿದ ಕೋನ) ಇರುತ್ತದೆ, ಡ್ರೈವರ್‌ಗೆ 9 ರಿಂದ 12. ಲಾಫ್ಟ್ ಜಾಸ್ತಿ ಇದ್ದಷ್ಟೂ ಚೆಂಡು ಹಿಂದಕ್ಕೆ ಸುತ್ತುವುದು ಜಾಸ್ತಿ, ಪಕ್ಕಕ್ಕೆ ಬಾಗುವುದು ಕಡಿಮೆ. ಡ್ರೈವರ್ ಆ ತಪ್ಪನ್ನು ಮುಚ್ಚಿಡುವುದಿಲ್ಲ. ಜೊತೆಗೆ ಶಾಫ್ಟ್ (ಕ್ಲಬ್‌ನ ದಂಡ) ಉದ್ದ, ವೇಗ ಹೆಚ್ಚು, ಚೆಂಡು ಹೋಗುವ ದೂರವೂ ಹೆಚ್ಚು.

ಇನ್ನೊಂದು ದೊಡ್ಡ ಕಾರಣವಿದೆ. ಹವ್ಯಾಸಿ ಆಟಗಾರರು ಇದನ್ನು ಗಮನಿಸುವುದೇ ಕಡಿಮೆ: ಚೆಂಡು ಫೇಸ್‌ನ ಯಾವ ಜಾಗಕ್ಕೆ ತಗುಲಿತು ಎನ್ನುವುದು. ಡ್ರೈವರ್‌ನ ತಲೆ ದೊಡ್ಡದು, ನಿಯಮದ ಪ್ರಕಾರ 460 ಸಿಸಿ ತನಕ ಇರಬಹುದು. ಅದರ ತೂಕದ ಕೇಂದ್ರ ಫೇಸ್‌ನಿಂದ ಸಾಕಷ್ಟು ಹಿಂದೆ ಇರುತ್ತದೆ. ಚೆಂಡು ಟೋ ಕಡೆ, ಅಂದರೆ ತುದಿಯ ಕಡೆ ತಗುಲಿದರೆ ತಲೆ ಆ ಕ್ಷಣದಲ್ಲಿ ಸ್ವಲ್ಪ ತೆರೆದುಕೊಳ್ಳುವಂತೆ ತಿರುಗುತ್ತದೆ. ತಲೆ ಒಂದು ಕಡೆ ತಿರುಗಿದರೆ ಫೇಸ್‌ಗೆ ಅಂಟಿಕೊಂಡಿರುವ ಚೆಂಡು ಅದರ ವಿರುದ್ಧ ದಿಕ್ಕಿಗೆ ಸುತ್ತುತ್ತದೆ. ಇದಕ್ಕೆ ಗೇರ್ ಎಫೆಕ್ಟ್ ಎನ್ನುತ್ತಾರೆ. ಹಾಗಾಗಿ ಟೋ ಏಟು ಎಡಕ್ಕೆ ಬಾಗುತ್ತದೆ. ಹೀಲ್ ಏಟು, ಅಂದರೆ ಶಾಫ್ಟ್ ಹತ್ತಿರದ ಏಟು, ಬಲಕ್ಕೆ ಬಾಗುತ್ತದೆ. ಐರನ್‌ನಲ್ಲಿ ತೂಕದ ಕೇಂದ್ರ ಫೇಸ್‌ಗೆ ತುಂಬ ಹತ್ತಿರ. ಅಲ್ಲಿ ಈ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ.

ಇದರ ಅರ್ಥ ಏನು ಗೊತ್ತಾ? ದಾರಿ ಅದೇ, ಫೇಸ್ ಅದೇ, ಬರೀ ಒಂದು ಬೆರಳಿನಷ್ಟು ಆಚೀಚೆ ತಗುಲಿದರೂ ಒಂದು ಚೆಂಡು ಬಲದ ಮರಗಳಿಗೆ, ಇನ್ನೊಂದು ಎಡದ ರಫ್‌ಗೆ (ಎತ್ತರದ ಹುಲ್ಲಿಗೆ). ಹೊರಗೆ ನಿಂತು ನೋಡುವವರಿಗೆ ಎರಡೂ ಬೇರೆ ಬೇರೆ ಸ್ವಿಂಗ್ ಹಾಗೆ ಕಾಣುತ್ತವೆ. ಆಡಿದವರಿಗೂ ಹಾಗೇ ಅನಿಸುತ್ತದೆ. ಕಂಡವರೆಲ್ಲ ಸ್ವಿಂಗ್ ತಿದ್ದಲು ಹೊರಡುತ್ತಾರೆ.

ಅದಕ್ಕೇ ಸ್ವಿಂಗ್ ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿ. ಕಾಲಿಗೆ ಹಾಕುವ ಪೌಡರ್ ಸ್ಪ್ರೇ ಸಿಗುತ್ತದಲ್ಲ, ಅದನ್ನು ಡ್ರೈವರ್ ಫೇಸ್ ಮೇಲೆ ತೆಳ್ಳಗೆ ಹೊಡೆಯಿರಿ. ಅದು ಸಿಗದಿದ್ದರೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಬದಿಯಲ್ಲಿ ಒಂದು ದೊಡ್ಡ ಚುಕ್ಕೆ ಇಡಿ, ಫೇಸ್ ಮೇಲೆ ಗುರುತು ಬೀಳುತ್ತದೆ. ಹತ್ತು ಹನ್ನೆರಡು ಚೆಂಡು ಹೊಡೆಯಿರಿ. ಪ್ರತಿ ಏಟಿಗೂ ಮೂರು ವಿಷಯ ಬರೆದುಕೊಳ್ಳಿ: ಎಲ್ಲಿಗೆ ಹೊರಟಿತು, ಯಾವ ಕಡೆ ಬಾಗಿತು, ಫೇಸ್ ಮೇಲೆ ಎಲ್ಲಿ ತಗುಲಿತು. ಒಂದೆರಡು ಏಟಿಗೊಮ್ಮೆ ಒರೆಸಿ. ಇದು ಅಭ್ಯಾಸಕ್ಕೆ ಮಾತ್ರ. ಆಟದ ಸುತ್ತಿನಲ್ಲಿ ಫೇಸ್‌ಗೆ ಹೀಗೆ ಏನಾದರೂ ಹಚ್ಚಿ ಹೊಡೆಯಲು ನಿಯಮ ಬಿಡುವುದಿಲ್ಲ.

ಗುರುತುಗಳು ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ, ಅದು ಮಧ್ಯದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಸ್ವಿಂಗ್ ಸ್ಥಿರವಾಗಿದೆ, ನಿಂತ ದೂರವನ್ನು ತಿದ್ದಿದರೆ ಸಾಕಾಗಬಹುದು. ಅರ್ಧ ಹೀಲ್‌ನಲ್ಲಿ, ಅರ್ಧ ಟೋನಲ್ಲಿ ಹರಡಿದ್ದರೆ ಸಾಮಾನ್ಯವಾಗಿ ಸಮತೋಲನದ ತೊಂದರೆ. ಡೌನ್‌ಸ್ವಿಂಗ್‌ನಲ್ಲಿ ದೇಹದ ತೂಕ ಪಾದದ ಬೆರಳುಗಳ ಕಡೆ ಬಂದರೆ ನೀವು ಚೆಂಡಿಗೆ ಹತ್ತಿರವಾಗುತ್ತೀರಿ, ಏಟು ಹೀಲ್‌ಗೆ ಬೀಳುತ್ತದೆ. ಅದಕ್ಕೆ ಹೆದರಿ ಮುಂದಿನ ಸಲ ಕೈ ಎಳೆದುಕೊಂಡರೆ ಟೋಗೆ ಬೀಳುತ್ತದೆ. ಹೊರಗಿನಿಂದ ಒಳಕ್ಕೆ ಹೊಡೆಯುವವರಲ್ಲಿ ಹೀಲ್ ಏಟು ಬಹಳ ಸಾಮಾನ್ಯ. ನಿಮ್ಮದೂ ಹೀಗೇ ಇರಬಹುದು ಅನಿಸುತ್ತದೆ.

ಇದಕ್ಕೆ ನನಗೆ ಇಷ್ಟವಾದ ಅಭ್ಯಾಸ ಒಂದಿದೆ. ಚೆಂಡನ್ನು ಟೀ (ಚೆಂಡು ಇಡುವ ಪುಟ್ಟ ಗೂಟ) ಮೇಲಿಡಿ. ಚೆಂಡಿನ ಆಚೆ ಬದಿಗೆ, ಕ್ಲಬ್‌ನ ಟೋ ತಗುಲದೆ ಒಳಗೆ ಹಾಯುವಷ್ಟು ಮಾತ್ರ ಜಾಗ ಬಿಟ್ಟು, ಇನ್ನೊಂದು ಖಾಲಿ ಟೀ ಚುಚ್ಚಿ. ಚೆಂಡು ಹೋಗಬೇಕು, ಆಚೆಯ ಟೀ ಅಲುಗಬಾರದು. ಮೊದಲು ಅರ್ಧ ವೇಗದಲ್ಲಿ ಮಾಡಿ. ಹೀಲ್ ಕಡೆ ಬರುತ್ತಿದ್ದ ಏಟು ಕೆಲವೇ ಪ್ರಯತ್ನಗಳಲ್ಲಿ ಮಧ್ಯಕ್ಕೆ ಸರಿಯತೊಡಗುತ್ತದೆ. ಸ್ವಿಂಗ್ ಬಗ್ಗೆ ಒಂದು ಮಾತೂ ಯೋಚಿಸಬೇಕಾಗಿಲ್ಲ. ಕೈಗೆ ಒಂದು ಸ್ಪಷ್ಟವಾದ ಕೆಲಸ ಕೊಟ್ಟರೆ ದೇಹ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಈಗ ನಿಲ್ಲುವ ರೀತಿ. ಚೆಂಡು ಹೊಡೆಯುವ ಮೊದಲೇ ಅರ್ಧ ತಪ್ಪು ಆಗಿಹೋಗಿರುತ್ತದೆ ಅಂದರೆ ಜಾಸ್ತಿ ಹೇಳಿದ ಹಾಗಾಗುವುದಿಲ್ಲ. ಡ್ರೈವರ್‌ನಲ್ಲಿ ಚೆಂಡು ಎಡ ಹಿಮ್ಮಡಿಯ ಒಳ ಅಂಚಿಗೆ ನೇರವಾಗಿ ಇರಬೇಕು. ಅಷ್ಟು ಮುಂದೆ ಚೆಂಡು ಇದ್ದಾಗ ಕೈ ಚಾಚಿದ ಕೂಡಲೇ ಏನಾಗುತ್ತದೆ ನೋಡಿ: ಬಲ ಭುಜ ಮುಂದಕ್ಕೆ ಬಂದು, ಎರಡೂ ಭುಜಗಳು ಗುರಿಯ ಎಡಕ್ಕೆ ತೆರೆದುಕೊಳ್ಳುತ್ತವೆ. ಪಾದಗಳು ನೇರವಾಗಿಯೇ ಇರುತ್ತವೆ, ನೀವು ಪಾದ ನೋಡಿಕೊಂಡು ಸರಿಯಾಗಿದೆ ಅಂದುಕೊಳ್ಳುತ್ತೀರಿ. ಕ್ಲಬ್ ಮಾತ್ರ ಭುಜದ ಮಾತು ಕೇಳುತ್ತದೆ, ಎಡಕ್ಕೆ ಸಾಗುತ್ತದೆ. ಹೊರಗಿನಿಂದ ಒಳಕ್ಕೆ ಬರುವ ದಾರಿ ಎಷ್ಟೋ ಜನರಲ್ಲಿ ಹುಟ್ಟುವುದೇ ಇಲ್ಲಿ.

ತಿದ್ದುವುದು ಕಷ್ಟ ಅಲ್ಲ. ಬಲ ಭುಜವನ್ನು ಎಡ ಭುಜಕ್ಕಿಂತ ಸ್ವಲ್ಪ ಕೆಳಗೆ ಬಿಡಿ, ಬೆನ್ನುಮೂಳೆ ಗುರಿಯಿಂದ ಸ್ವಲ್ಪ ಆಚೆಗೆ ವಾಲಲಿ. ಆಗ ಬಲ ಭುಜ ತಾನಾಗಿ ಹಿಂದೆ ಹೋಗುತ್ತದೆ. ಪಾದಗಳ ಅಂತರ ಭುಜದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಯಾರಿಂದಲಾದರೂ ಹಿಂದಿನಿಂದ ಒಂದು ಫೋಟೋ ತೆಗೆಸಿ, ಭುಜಗಳ ಗೆರೆ ಎಲ್ಲಿ ನೋಡುತ್ತಿದೆ ಅಂತ ಪರೀಕ್ಷಿಸಿ. ಕನ್ನಡಿ ಮುಂದೆ ಮಾಡಿದರೂ ಆದೀತು.

ಚೆಂಡಿನ ಜಾಗ ಸದ್ದಿಲ್ಲದೆ ಬದಲಾಗುತ್ತಿರುತ್ತದೆ. ಒಂದು ವಾರ ಎರಡು ಇಂಚು ಹಿಂದೆ, ಮುಂದಿನ ವಾರ ಎರಡು ಇಂಚು ಮುಂದೆ. ತುಂಬ ಮುಂದೆ ಹೋದರೆ ಕ್ಲಬ್ ತಲುಪುವಷ್ಟರಲ್ಲಿ ಎಡಕ್ಕೆ ತಿರುಗಿರುತ್ತದೆ, ಪುಲ್ ಆಗುತ್ತದೆ. ತುಂಬ ಹಿಂದಾದರೆ ಫೇಸ್ ಮುಚ್ಚಿಕೊಳ್ಳಲು ಸಮಯವೇ ಸಿಗುವುದಿಲ್ಲ, ಚೆಂಡು ಬಲಕ್ಕೆ ಹೊರಡುತ್ತದೆ. ‘ಹೋದ ವಾರ ಚೆನ್ನಾಗಿ ಹೋಗುತ್ತಿತ್ತು, ಈ ವಾರ ಏನಾಯ್ತೋ’ ಅನ್ನುವವರಲ್ಲಿ ನಾನು ಮೊದಲು ನೋಡುವುದು ಇದನ್ನೇ. ಅಭ್ಯಾಸ ಮಾಡುವಾಗ ನೆಲದ ಮೇಲೆ ಎರಡು ಕ್ಲಬ್ ಇಡಿ. ಒಂದು ಗುರಿಯ ಕಡೆಗೆ, ಇನ್ನೊಂದು ಅದಕ್ಕೆ ಅಡ್ಡವಾಗಿ ಚೆಂಡಿನಿಂದ ಎಡ ಹಿಮ್ಮಡಿಗೆ. ಬೇಸರ ತರಿಸುವ ಕೆಲಸ, ಆದರೂ ಬಿಡಬೇಡಿ.

ಹಿಡಿತದ ಬಗ್ಗೆ ಒಂದು ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಸ್ಲೈಸ್ ಇರುವವರು ದಾರಿಯನ್ನು ತಿದ್ದುವ ಮೊದಲು ಗ್ರಿಪ್ ತಿದ್ದಬೇಕು. ಫೇಸ್ ತೆರೆದೇ ಬರುತ್ತಿದ್ದರೆ ದೇಹಕ್ಕೆ ಅದು ಗೊತ್ತು. ಚೆಂಡು ಬಲಕ್ಕೆ ಹೋಗದಿರಲಿ ಎಂದು ಅದು ತನ್ನ ಜಾಣತನದಿಂದ ಎಡಕ್ಕೆ ಬೀಸುತ್ತದೆ. ಎಡಕ್ಕೆ ಬೀಸಿದಷ್ಟೂ ಸ್ಲೈಸ್ ಜಾಸ್ತಿಯಾಗುತ್ತದೆ, ಜಾಸ್ತಿಯಾದಷ್ಟೂ ಇನ್ನೂ ಎಡಕ್ಕೆ ಬೀಸುತ್ತದೆ. ಈ ಸುಳಿಯಿಂದ ಹೊರಗೆ ಬರಲು ಫೇಸ್ ಕಡೆಯಿಂದಲೇ ಶುರು ಮಾಡಬೇಕು. ಎಡಗೈಯಲ್ಲಿ ಕ್ಲಬ್ ಅಂಗೈಗೆ ಬದಲು ಬೆರಳುಗಳ ಬುಡದಲ್ಲಿ ಕೂರಲಿ. ಮೇಲಿನಿಂದ ನೋಡಿದರೆ ಎಡಗೈಯ ಎರಡು, ಎರಡೂವರೆ ಗೆಣ್ಣು ಕಾಣಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಗೆರೆ ಬಲ ಭುಜದ ಕಡೆ ನೋಡಲಿ. ಎರಡೂ ಕೈಯಲ್ಲಿ ಹಾಗೆ.

ಒಂದು ಎಚ್ಚರಿಕೆ. ಹೊಸ ಗ್ರಿಪ್ ಹಿಡಿದ ಮೊದಲ ಕೆಲವು ದಿನ ಚೆಂಡು ಜೋರಾಗಿ ಎಡಕ್ಕೆ ಹೋಗುತ್ತದೆ. ಬಹಳ ಜನ ಹೆದರಿ ಇಲ್ಲೇ ಹಳೆಯ ಗ್ರಿಪ್‌ಗೆ ವಾಪಸ್ ಹೋಗುತ್ತಾರೆ. ಹೋಗಬೇಡಿ, ಇದು ಒಳ್ಳೆಯ ಸೂಚನೆ. ಫೇಸ್ ಈಗ ಮುಚ್ಚುತ್ತಿದೆ, ದಾರಿ ಮಾತ್ರ ಇನ್ನೂ ಹಳೆಯದೇ. ಈಗ ದಾರಿಯನ್ನು ತಿದ್ದುವುದು ಸುಲಭ, ಯಾಕೆಂದರೆ ಎಡಕ್ಕೆ ಬೀಸಲು ದೇಹಕ್ಕೆ ಕಾರಣವೇ ಉಳಿದಿಲ್ಲ. ಚೆಂಡಿನಿಂದ ಸುಮಾರು ಒಂದು ಅಡಿ ಹಿಂದೆ, ನಿಮ್ಮಿಂದ ದೂರದ ಬದಿಗೆ ಹೆಡ್‌ಕವರ್ ಅಥವಾ ಖಾಲಿ ರಟ್ಟಿನ ಡಬ್ಬಿ ಇಡಿ. ಹೊರಗಿನಿಂದ ಬಂದರೆ ಕ್ಲಬ್ ಅದಕ್ಕೆ ತಗುಲುತ್ತದೆ. ಒಳಗಿನಿಂದ ಬಂದರೆ ತಗುಲುವುದಿಲ್ಲ. ಕಾಲುಭಾಗ ವೇಗದಿಂದ ಶುರು ಮಾಡಿ. ಚೆಂಡು ಬಲಕ್ಕೆ ಹೊರಟು ಮಧ್ಯಕ್ಕೆ ಬಾಗುವುದು ಮೊದಲ ಸಲ ಕಂಡಾಗ ನೀವೇ ನಗುತ್ತೀರಿ.

ಮೇಲಕ್ಕೆ ಹಾರುವ ಚೆಂಡಿನ ವಿಷಯವೂ ಇದರದ್ದೇ ಮುಂದುವರಿಕೆ. ಡ್ರೈವರ್ ತಲೆಯ ಮೇಲ್ಭಾಗದಲ್ಲಿ ಬಿಳಿ ಗೀರುಗಳಿವೆಯಾ ನೋಡಿ. ಇದ್ದರೆ ಕ್ಲಬ್ ಮೇಲಿನಿಂದ ಕಡಿದಾದ ಕೋನದಲ್ಲಿ ಬರುತ್ತಿದೆ. ಎಲ್ಲರೂ ಕೊಡುವ ಸಲಹೆ ಟೀಯನ್ನು ಕೆಳಗಿಳಿಸಿ ಎಂದು. ಹಾಗೆ ಮಾಡಿದರೆ ನೀವು ಇನ್ನೂ ಕಡಿದಾಗಿ ಹೊಡೆಯುವುದನ್ನು ಕಲಿಯುತ್ತೀರಿ. ಕ್ಲಬ್ ನೆಲದ ಮೇಲಿಟ್ಟಾಗ ಚೆಂಡಿನ ಅರ್ಧ ಭಾಗ ಅದರ ಮೇಲಂಚಿಗಿಂತ ಎತ್ತರದಲ್ಲಿರಲಿ. ಭುಜ ವಾಲಿಸಿದ ಮೇಲೆ ಈ ಏಟು ಅಪರೂಪವಾಗುತ್ತದೆ. ಪ್ರತಿ ಸಲವೂ ಟೀ ಒಂದೇ ಎತ್ತರ ಇರುವಂತೆ ನೋಡಿಕೊಳ್ಳಿ. ಟೀ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಸಾಕು.

ಇನ್ನು ನಿಮ್ಮ ಜೊತೆಗಾರರ ಸಲಹೆಗಳು. ‘ತಲೆ ಎತ್ತಬೇಡಿ’ ಎನ್ನುವುದು ಗಾಲ್ಫ್‌ನಲ್ಲಿ ಅತಿ ಹೆಚ್ಚು ಕೊಡುವ, ಅತಿ ಕಡಿಮೆ ಉಪಯೋಗವಾಗುವ ಸಲಹೆ. ಅನಿಕಾ ಸೊರೆನ್‌ಸ್ಟಾಮ್, ಡೇವಿಡ್ ಡುವಾಲ್ ಇಬ್ಬರೂ ಚೆಂಡು ತಗುಲುವ ಹೊತ್ತಿಗೇ ತಲೆಯನ್ನು ಗುರಿಯ ಕಡೆ ತಿರುಗಿಸುತ್ತಿದ್ದರು. ಇಬ್ಬರೂ ಲೋಕದ ನಂಬರ್ ಒನ್ ಆಟಗಾರರಾಗಿದ್ದವರು. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದಿಟ್ಟರೆ ದೇಹ ತಿರುಗುವುದು ನಿಲ್ಲುತ್ತದೆ, ಕೈಗಳು ಮಾತ್ರ ತಿರುಗುತ್ತವೆ. ಆಗ ಫೇಸ್ ಯಾವ ಕಡೆ ಇರುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

‘ನಿಧಾನವಾಗಿ ಹೊಡೀರಿ’ ಕೂಡ ಅಷ್ಟೇ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ನಿಧಾನ ಮಾಡಲು ಹೋದವರು ಚೆಂಡಿನ ಹತ್ತಿರ ಬಂದಾಗ ವೇಗ ತಗ್ಗಿಸುತ್ತಾರೆ. ಅದರಿಂದ ಫೇಸ್ ಇನ್ನಷ್ಟು ಅಲೆದಾಡುತ್ತದೆ. ವೃತ್ತಿಪರರ ಸ್ವಿಂಗ್ ಅಳೆದರೆ ಹಿಂದಕ್ಕೆ ಹೋಗುವ ಸಮಯ ಮುಂದಕ್ಕೆ ಬರುವ ಸಮಯದ ಸುಮಾರು ಮೂರು ಪಟ್ಟು ಇರುತ್ತದೆ. ಒಟ್ಟು ವೇಗ ಏನೇ ಇರಲಿ, ಈ ಅನುಪಾತ ಮಾತ್ರ ಹೆಚ್ಚು ಬದಲಾಗುವುದಿಲ್ಲ. ನನ್ನ ಸಲಹೆ ಬೇರೆ: ಬ್ಯಾಕ್‌ಸ್ವಿಂಗ್ ಸ್ವಲ್ಪ ಚಿಕ್ಕದು ಮಾಡಿ, ಆಮೇಲೆ ಧೈರ್ಯವಾಗಿ ಬೀಸಿ. ಕೊನೆಯಲ್ಲಿ ಎಡಗಾಲಿನ ಮೇಲೆ ನಿಂತು ಮನಸ್ಸಿನಲ್ಲೇ ಮೂರು ಎಣಿಸಿ. ಮೂರರ ತನಕ ನಿಲ್ಲಲಾಗದಿದ್ದರೆ ಅಷ್ಟು ಜೋರು ನಿಮ್ಮ ಸಮತೋಲನಕ್ಕೆ ಜಾಸ್ತಿಯಾಯಿತು ಅಂತ ಅರ್ಥ.

ರೇಂಜ್‌ನಲ್ಲಿ ಸರಿ, ಕೋರ್ಸ್‌ನಲ್ಲಿ ಇಲ್ಲ ಎಂಬುದು ನಿಮ್ಮೊಬ್ಬರ ಕಥೆಯಲ್ಲ. ಇಯಾನ್ ಬೇಕರ್-ಫಿಂಚ್ 1991ರಲ್ಲಿ ಓಪನ್ (ಬ್ರಿಟನ್‌ನ ದೊಡ್ಡ ಗಾಲ್ಫ್ ಪಂದ್ಯಾವಳಿ) ಗೆದ್ದವರು. ನಾಲ್ಕು ವರ್ಷದ ನಂತರ, 1995ರ ಓಪನ್‌ನಲ್ಲಿ, ಸೇಂಟ್ ಆಂಡ್ರ್ಯೂಸ್‌ನ ಮೊದಲ ಟೀಯಿಂದ ಅವರ ಚೆಂಡು ಎಡಕ್ಕೆ ಹೋಗಿ ಔಟ್ ಆಫ್ ಬೌಂಡ್ಸ್ (ಆಟದ ಗಡಿಯ ಹೊರಗೆ) ಆಯಿತು. ಅಲ್ಲಿ ಮೊದಲ ಹೋಲ್ ಮತ್ತು ಹದಿನೆಂಟನೇ ಹೋಲ್‌ಗೆ ಸೇರಿ ಒಂದೇ ಫೇರ್‌ವೇ, ಅಷ್ಟು ಅಗಲ ಬೇರೆಡೆ ಸಿಗುವುದು ಕಷ್ಟ. ರೇಂಜ್‌ನಲ್ಲಿ ಅವರು ಚೆನ್ನಾಗಿಯೇ ಹೊಡೆಯುತ್ತಿದ್ದರು, ಟೀಗೆ ಬಂದರೆ ಎಲ್ಲ ಹೋಗುತ್ತಿತ್ತು. 1997ರ ಓಪನ್‌ನಲ್ಲಿ ಮೊದಲ ಸುತ್ತು 92 ಹೊಡೆದು ಹಿಂದೆ ಸರಿದರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಓಪನ್ ಗೆದ್ದವರಿಗೂ ಡ್ರೈವರ್ ಹೀಗೆ ಕೈಕೊಟ್ಟಿದೆ ಅಂತ ಗೊತ್ತಿದ್ದರೆ ನಿಮ್ಮ ಮೇಲೆ ನೀವು ಸಿಟ್ಟು ಮಾಡಿಕೊಳ್ಳುವುದು ಸ್ವಲ್ಪ ಕಡಿಮೆಯಾಗಬಹುದು.

ರೇಂಜ್‌ನಲ್ಲಿ ಒಂದೇ ಕ್ಲಬ್‌ನಲ್ಲಿ, ಒಂದೇ ಕಡೆಗೆ, ಒಂದರ ಹಿಂದೊಂದು ಮೂವತ್ತು ಚೆಂಡು ಹೊಡೆಯುತ್ತೀರಿ. ಹತ್ತನೆಯದರ ಹೊತ್ತಿಗೆ ಕೈಗೆ ಲಯ ಸಿಕ್ಕಿರುತ್ತದೆ. ಕೋರ್ಸ್‌ನಲ್ಲಿ ಎರಡು ಡ್ರೈವ್‌ಗಳ ನಡುವೆ ಕಾಲು ಗಂಟೆ ಕಳೆಯುತ್ತದೆ. ಆ ನಡುವೆ ಐರನ್, ವೆಡ್ಜ್, ಪಟರ್ ಎಲ್ಲ ಹಿಡಿದಿರುತ್ತೀರಿ. ರೇಂಜ್‌ನ ಮೂವತ್ತನೇ ಏಟಿನ ಅನುಭವ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಅಭ್ಯಾಸದ ಕೊನೆಯ ಅರ್ಧವನ್ನು ಆಟದ ಹಾಗೆ ಆಡಿ. ದೂರದಲ್ಲಿ ಎರಡು ಗುರುತು ನೋಡಿಕೊಂಡು ಅದರ ಮಧ್ಯೆ ಫೇರ್‌ವೇ ಅಂತ ಭಾವಿಸಿ. ಒಂದು ಡ್ರೈವರ್, ನಂತರ ಒಂದು 8 ಐರನ್, ನಂತರ ಒಂದು ವೆಡ್ಜ್. ಮತ್ತೆ ಡ್ರೈವರ್, ಈ ಸಲ ಬೇರೆ ಗುರಿ. ಪ್ರತಿ ಸಲ ಚೆಂಡಿನ ಹಿಂದೆ ಹೋಗಿ ನಿಂತು, ಚೆಂಡಿನಿಂದ ಒಂದೆರಡು ಅಡಿ ಮುಂದೆ ಗುರಿಯ ಗೆರೆಯಲ್ಲಿ ಒಂದು ಹುಲ್ಲಿನ ಎಸಳನ್ನೋ ಹಳೆಯ ಟೀಯನ್ನೋ ಗುರುತಿಟ್ಟು, ಫೇಸ್ ಅದಕ್ಕೆ ನೇರ ಮಾಡಿ, ಆಮೇಲೆ ಪಾದ ಇಡಿ. ಹತ್ತರಲ್ಲಿ ಎಷ್ಟು ಒಳಗೆ ಬಿತ್ತು ಅಂತ ಬರೆದಿಡಿ. ಎರಡನೇ ಚೆಂಡಿಗೆ ಅವಕಾಶ ಇಲ್ಲ.

ಎಷ್ಟು ಒಳಗೆ ಬಿದ್ದರೆ ತೃಪ್ತಿ? ಇಲ್ಲೂ ಕೆಲವರ ನಿರೀಕ್ಷೆ ತಪ್ಪಿರುತ್ತದೆ. ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ) ಆಟಗಾರರ ಸರಾಸರಿಯೇ ನೂರಕ್ಕೆ 60 ಫೇರ್‌ವೇಗಳ ಆಸುಪಾಸಿನಲ್ಲಿದೆ. ದಿನವಿಡೀ ಇದೇ ಕೆಲಸ ಮಾಡುವವರು ಐದರಲ್ಲಿ ಎರಡು ತಪ್ಪಿಸುತ್ತಾರೆ. ಅವರಿಗೂ ನಮಗೂ ದೊಡ್ಡ ವ್ಯತ್ಯಾಸ ಇರುವುದು ತಪ್ಪಿದ ಚೆಂಡಿನಲ್ಲಿ. ಅವರದು ರಫ್‌ನಲ್ಲಿ ಸಿಗುತ್ತದೆ, ಅಲ್ಲಿಂದ ಆಡಬಹುದು. ಹ್ಯಾಂಡಿಕ್ಯಾಪ್ 19ರ ಕಾರ್ಡ್ ಹಾಳಾಗುವುದು ರಫ್‌ನಿಂದ ಅಲ್ಲ. ಕಳೆದುಹೋದ ಚೆಂಡು, ಔಟ್ ಆಫ್ ಬೌಂಡ್ಸ್, ಮರಗಳ ಮಧ್ಯದಿಂದ ಸಾಹಸ ಮಾಡಲು ಹೋದ ಎರಡನೇ ಏಟು, ಇವುಗಳಿಂದ. ಔಟ್ ಆಫ್ ಬೌಂಡ್ಸ್ ಆದರೆ ಒಂದು ಏಟಿನ ದಂಡ, ಜೊತೆಗೆ ಮತ್ತೆ ಅದೇ ಜಾಗದಿಂದ ಹೊಡೆಯಬೇಕು. ಅಂದರೆ ಟೀ ಮೇಲೆ ನಿಂತು ಮೂರನೇ ಏಟು. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಫೇರ್‌ವೇ ಎಷ್ಟು ಎಂಬುದಕ್ಕಿಂತ ‘ಎರಡನೇ ಏಟು ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಕಡೆಗೆ ಆಡಲು ಸಾಧ್ಯವಾದ ಡ್ರೈವ್ ಎಷ್ಟು’ ಎಂದು ಬರೆದುಕೊಳ್ಳಿ.

ಗುರಿ ಇಡುವುದನ್ನೂ ಅದಕ್ಕೆ ತಕ್ಕಂತೆ ಬದಲಿಸಿ. ಗ್ರಿಪ್ ತಿದ್ದಿ ಮುಗಿಯುವ ತನಕ ನಿಮ್ಮ ಚೆಂಡು ಹೆಚ್ಚಾಗಿ ಬಲಕ್ಕೆ ಬಾಗುತ್ತದೆ ಎಂದುಕೊಳ್ಳಿ. ಹಾಗಿದ್ದರೆ ಟೀಯಿಂಗ್ ಏರಿಯಾದ ಬಲ ತುದಿಯಲ್ಲಿ ಚೆಂಡು ಇಟ್ಟು ಫೇರ್‌ವೇಯ ಎಡ ಅಂಚಿಗೆ ಗುರಿ ಇಡಿ. ಎಡಕ್ಕೆ ಬೀಸಬೇಡಿ, ಎಡಕ್ಕೆ ನಿಲ್ಲಿ, ಎರಡೂ ಬೇರೆ. ನಿಂತ ಮೇಲೆ ಬೀಸುವುದು ನಿಮ್ಮ ಪಾದದ ಗೆರೆಯಲ್ಲೇ. ಟೀಯ ಗಡಿ ತೋರಿಸುವ ಮಾರ್ಕರ್‌ಗಳಿಂದ ಎರಡು ಕ್ಲಬ್ ಉದ್ದ ಹಿಂದಕ್ಕೆ ಹೋಗಲೂ ಅವಕಾಶವಿದೆ, ಎಲ್ಲಿ ನೆಲ ಸಮವಾಗಿದೆಯೋ ನೋಡಿಕೊಳ್ಳಿ. ಮಾರ್ಕರ್‌ಗಳು ಯಾವಾಗಲೂ ಫೇರ್‌ವೇ ಕಡೆಗೇ ನೋಡುತ್ತಿರುತ್ತವೆ ಅಂತ ನಂಬಬೇಡಿ. ಎಷ್ಟೋ ಕಡೆ ಅವು ಸೀದಾ ಮರಗಳನ್ನು ತೋರಿಸುತ್ತಿರುತ್ತವೆ.

ಈಗ ಹೊಸ ಡ್ರೈವರ್ ಪ್ರಶ್ನೆ. ಸದ್ಯಕ್ಕೆ ಬೇಡ. ಇರುವುದರಲ್ಲೇ ಮಾಡಬಹುದಾದ ಎರಡು ಬದಲಾವಣೆ ಇದೆ. ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು ಬಹುತೇಕ 45 ಇಂಚಿಗಿಂತ ಉದ್ದ ಇರುತ್ತವೆ. ಟೂರ್ ಆಟಗಾರರಲ್ಲಿ ಎಷ್ಟೋ ಜನ ಅದಕ್ಕಿಂತ ಗಿಡ್ಡ ಇಟ್ಟುಕೊಳ್ಳುತ್ತಾರೆ. ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿದು ಆಡಿ ನೋಡಿ. ಫೇಸ್ ಮೇಲಿನ ಗುರುತುಗಳು ಒಟ್ಟುಗೂಡುತ್ತವೆ. ಮಧ್ಯಕ್ಕೆ ತಗುಲುವ ಚೆಂಡುಗಳು ಹೆಚ್ಚಾದಾಗ ಆ ಒಂದು ಇಂಚಿನಿಂದ ಕಳೆದುಕೊಂಡ ದೂರ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಎರಡನೆಯದು ಲಾಫ್ಟ್. ಶಾಫ್ಟ್ ಸೇರುವ ಜಾಗದಲ್ಲಿ ತಿರುಗಿಸಿ ಹೊಂದಿಸುವ ವ್ಯವಸ್ಥೆ ಇದ್ದರೆ ಒಂದು ಡಿಗ್ರಿ ಹೆಚ್ಚಿಸಿ. ಬಹುತೇಕ ಡ್ರೈವರ್‌ಗಳಲ್ಲಿ ಲಾಫ್ಟ್ ಹೆಚ್ಚಿಸಿದರೆ ಫೇಸ್ ಸ್ವಲ್ಪ ಮುಚ್ಚಿಕೊಳ್ಳುತ್ತದೆ ಕೂಡ. ಸ್ಲೈಸ್‌ಗೆ ಎರಡೂ ಒಳ್ಳೆಯದೇ. ಲಾಫ್ಟ್ ಕಡಿಮೆ ಇದ್ದರೆ ದೂರ ಹೋಗುತ್ತದೆ ಎಂಬ ಆಸೆಗೆ 9 ಡಿಗ್ರಿ ಹಿಡಿದು ಓಡಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಾಧಾರಣ ವೇಗ ಇರುವವರಿಗೆ ಅದು ದೂರವನ್ನೂ ಕೊಡುವುದಿಲ್ಲ, ದಿಕ್ಕನ್ನೂ ಕೊಡುವುದಿಲ್ಲ.

3 ವುಡ್ ಬಗ್ಗೆ: ಡ್ರೈವರ್ ಬಿಡುವುದರಲ್ಲಿ ಅವಮಾನ ಏನೂ ಇಲ್ಲ. 2006ರ ಓಪನ್ ಅನ್ನು ಟೈಗರ್ ವುಡ್ಸ್ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಡ್ರೈವರ್ ಹೊಡೆದು ಗೆದ್ದರು. ಹೆನ್ರಿಕ್ ಸ್ಟೆನ್ಸನ್ ಟೀಯಿಂದ 3 ವುಡ್ ಹೊಡೆಯುವುದಕ್ಕೇ ಹೆಸರಾದವರು. ಆದರೆ ಇದನ್ನು ನಿಮಗೆ ಪೂರ್ತಿ ಮದ್ದಾಗಿ ನಾನು ಬರೆದುಕೊಡುವುದಿಲ್ಲ. 3 ವುಡ್‌ನ ತಲೆ ಚಿಕ್ಕದು, ಮಧ್ಯಕ್ಕೆ ತಗುಲದಿದ್ದರೆ ಅದು ಡ್ರೈವರ್‌ನಷ್ಟು ಕ್ಷಮಿಸುವುದಿಲ್ಲ. ಫೇಸ್ ತೆರೆದು ಬರುವ ತೊಂದರೆ ಅಲ್ಲೂ ಇರುತ್ತದೆ. ನಿಮ್ಮ ಎರಡು ಕ್ಲಬ್‌ಗಳನ್ನೂ ಅದೇ ಹತ್ತು ಚೆಂಡಿನ ಪರೀಕ್ಷೆಗೆ ಹಾಕಿ. 3 ವುಡ್ ಹೊಡೆದಾಗ ಚೆಂಡುಗಳು ಬೀಳುವ ಅಗಲ ಸ್ಪಷ್ಟವಾಗಿ ಕಡಿಮೆಯಾದರೆ ಮಾತ್ರ ಕಿರಿದಾದ ಹೋಲ್‌ಗಳಲ್ಲಿ ಅದನ್ನು ಬಳಸಿ. ಕಡಿಮೆಯಾಗದಿದ್ದರೆ ಸುಮ್ನೆ ಮೂವತ್ತು ಗಜ ಕಳೆದುಕೊಂಡ ಹಾಗೆ. ಅಂಥ ಹೋಲ್‌ಗಳಿಗೆ ಹೈಬ್ರಿಡ್ (ವುಡ್‌ಗೂ ಐರನ್‌ಗೂ ನಡುವಿನ ಕ್ಲಬ್) ಒಳ್ಳೆಯ ಆಯ್ಕೆ ಆಗಬಹುದು. ಹ್ಯಾಂಡಿಕ್ಯಾಪ್ 19 ಇರುವವರಿಗೆ ಪಾರ್ 4ರಲ್ಲಿ (ನಾಲ್ಕು ಏಟು ನಿಗದಿಯಾದ ಹೋಲ್‌ನಲ್ಲಿ) 180 ಗಜ ನೇರ ಹೋದ ಚೆಂಡು ಬಹಳ ಒಳ್ಳೆಯ ಚೆಂಡು.

ಆಟದ ಮಧ್ಯೆ ಚೆಂಡು ಎರಡು ಸಲ ಬಲಕ್ಕೆ ಹೋದರೆ ಸ್ವಿಂಗ್ ತಿದ್ದಬೇಡಿ. ಚೆಂಡಿನ ಜಾಗ, ಭುಜ, ಗ್ರಿಪ್ ಇವನ್ನಷ್ಟೇ ನೋಡಿಕೊಳ್ಳಿ, ಗ್ರಿಪ್ ಹಿಡಿದ ಬಿಗಿ ಸ್ವಲ್ಪ ಸಡಿಲ ಮಾಡಿ. ಬಹಳ ಸಲ ಇದೇ ಸಾಕು. ಚೆಂಡು ಸಿಗುವುದು ಅನುಮಾನ ಇದ್ದರೆ ಹೊರಡುವ ಮೊದಲೇ ‘ಪ್ರಾವಿಷನಲ್’ ಅಂತ ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಮೂರು ನಿಮಿಷ ಮಾತ್ರ ಸಿಗುತ್ತದೆ. ಆ ಪ್ರಾವಿಷನಲ್ ಚೆಂಡನ್ನು ಸಿಟ್ಟಿನಲ್ಲಿ ಹೊಡೆಯದಿರುವುದೂ ಒಂದು ಕಲೆ. ಬಹಳ ಜನ ಅದನ್ನು ಗುರಿಯನ್ನೂ ನೋಡದೆ ಹೊಡೆಯುತ್ತಾರೆ.

ಇಷ್ಟೆಲ್ಲ ಐದಾರು ವಾರ ಮಾಡಿದ ಮೇಲೂ ಫೇಸ್ ಮೇಲಿನ ಗುರುತುಗಳು ಚದುರಿಯೇ ಇದ್ದರೆ, ಅಥವಾ ಸ್ವಿಂಗ್ ಮಾಡಿದಾಗ ಸೊಂಟ ನೋಯುತ್ತಿದ್ದರೆ, ಒಬ್ಬ ಕೋಚ್ ಹತ್ತಿರ ಹೋಗಿ. ನೋವಿದ್ದರೆ ಕೋಚ್‌ಗಿಂತ ಮೊದಲು ವೈದ್ಯರು. ಕೋಚ್ ಬಳಿ ಹೋಗುವಾಗ ‘ಡ್ರೈವರ್ ಸರಿ ಹೋಗುತ್ತಿಲ್ಲ’ ಎಂದು ಶುರು ಮಾಡಬೇಡಿ. ಬರೆದಿಟ್ಟ ಹಾಳೆ ತೆಗೆದುಕೊಂಡು ಹೋಗಿ: ಎಲ್ಲಿಗೆ ಹೊರಡುತ್ತದೆ, ಯಾವ ಕಡೆ ಬಾಗುತ್ತದೆ, ಎಲ್ಲಿ ತಗುಲುತ್ತದೆ. ಲಾಂಚ್ ಮಾನಿಟರ್ (ಏಟನ್ನು ಅಳೆಯುವ ಯಂತ್ರ) ಇದ್ದರೆ ಫೇಸ್ ಮತ್ತು ದಾರಿಯ ಅಂಕಿಗಳನ್ನು ತೋರಿಸಲು ಕೇಳಿ, ಚೆಂಡು ಎಷ್ಟು ದೂರ ಹೋಯಿತು ಎಂಬ ಅಂಕಿಯನ್ನು ಆ ದಿನದ ಮಟ್ಟಿಗೆ ಮುಚ್ಚಿಡಲು ಹೇಳಿ. ದೂರದ ಅಂಕಿ ಕಣ್ಣೆದುರು ಇದ್ದರೆ ಮೂರನೇ ಚೆಂಡಿನಿಂದಲೇ ಎಲ್ಲರೂ ಜೋರಾಗಿ ಬೀಸಲು ಶುರು ಮಾಡುತ್ತಾರೆ.